ಎಲ್‌ಸ್ಯಾಟ್ ತರಬೇತಿಗೆ ಹಣ ಕಟ್ಟುವ ಮುನ್ನ ಪಾಠಪಟ್ಟಿಯನ್ನು ಕೇಳಿ ಪಡೆಯಿರಿ

ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶಕ್ಕಾಗಿ ಬರೆಯುವ ಎಲ್‌ಸ್ಯಾಟ್ ಪರೀಕ್ಷೆಯಿಂದ, ‘ಲಾಜಿಕ್ ಗೇಮ್ಸ್’ ಎಂದೇ ಹೆಸರಾಗಿದ್ದ ಒಗಟುಗಳ ವಿಭಾಗವನ್ನು 2024ರ ಆಗಸ್ಟ್‌ನಲ್ಲಿ ಕೈಬಿಡಲಾಯಿತು. ಅದೇ ವರ್ಷದ ಕೊನೆಯಲ್ಲಿ ನನ್ನ ಮಗಳು ಸೇರಿದ ತರಬೇತಿ ಸಂಸ್ಥೆಯೊಂದು ‘ಹೊಸ ಮಾದರಿಗೆ ಅನುಗುಣವಾದ ಪಾಠ’ ಎಂದು ಪ್ರಕಟಣೆಯಲ್ಲಿ ಹೇಳಿಕೊಂಡು, ಪೂರ್ತಿ ಶುಲ್ಕವನ್ನು ಮುಂಗಡವಾಗಿ ಪಡೆದು, ಅದೇ ಒಗಟುಗಳನ್ನು ಕಲಿಸತೊಡಗಿತು. ಇಲ್ಲಿನ ಕನ್ನಡ ಬಳಗದಲ್ಲಿ ಮಕ್ಕಳನ್ನು ಈ ಪರೀಕ್ಷೆಗೆ ಸಿದ್ಧಪಡಿಸುತ್ತಿರುವ ಮನೆಗಳು ಹೆಚ್ಚುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ತರಗತಿಯಲ್ಲಿ ನಡೆಯುತ್ತಿದ್ದುದು ಇಷ್ಟು: ಏಳು ಜನ ಭಾಷಣಕಾರರು, ಏಳು ಅವಧಿಗಳು, ಎಫ್ ಮಾತು ಮುಗಿಸಿದ ಕೂಡಲೇ ಜಿ ಮಾತನಾಡಬೇಕು, ಎಚ್ ಮೂರನೆಯವರಾದರೆ ಕೆ ಕೊನೆಯವರಾಗಬೇಕು. ಬೋಧಕರು ಫಲಕದ ಮೇಲೆ ಏಳು ಗೆರೆ ಎಳೆದು, ಯಾರು ಎಲ್ಲಿ ಕೂಡಿಬರುತ್ತಾರೆಂದು ತುಂಬಿಸುತ್ತಿದ್ದರು. 35 ನಿಮಿಷಗಳಲ್ಲಿ ಇಂತಹ ನಾಲ್ಕು ಒಗಟುಗಳನ್ನು ಬಿಡಿಸಬೇಕಾಗಿದ್ದ ಕಾಲದಲ್ಲಿ ಈ ಚಿತ್ರಗಳೇ ಅಭ್ಯರ್ಥಿಗಳ ಮುಖ್ಯ ಸಾಧನವಾಗಿದ್ದವು. ವಿಭಾಗ ಹೋದದ್ದೂ ಅದೇ ಕಾರಣಕ್ಕೆ: ಚಿತ್ರ ಬರೆಯದೆ ಬಿಡಿಸುವುದು ಕಷ್ಟವಾದ್ದರಿಂದ ದೃಷ್ಟಿಹೀನ ಅಭ್ಯರ್ಥಿಗಳು ಹೂಡಿದ್ದ ದಾವೆ 2019ರಲ್ಲಿ ರಾಜಿಯಲ್ಲಿ ಮುಗಿದಾಗ, ಪರೀಕ್ಷೆ ನಡೆಸುವ ಮಂಡಳಿಯು ಬೇರೆ ದಾರಿ ಹುಡುಕಲು ಒಪ್ಪಿಕೊಂಡಿತ್ತು.

ಪರೀಕ್ಷೆಯಲ್ಲಿ ಇಲ್ಲದ್ದನ್ನು ಏಕೆ ಕಲಿಸುತ್ತೀರಿ ಎಂದು ಮಗಳು ಕೇಳಿದರೆ, ಇದು ಬುದ್ಧಿಗೆ ಸಾಣೆ ಹಿಡಿಯುವ ಅಭ್ಯಾಸ ಎಂಬ ಉತ್ತರ ಬಂದಿತು. ಆ ಮಾತಿನಲ್ಲಿ ನಿಜ ಸ್ವಲ್ಪವೂ ಇಲ್ಲವೆನ್ನಲಾರೆ. ‘ಪರವಾನಗಿ ಇದ್ದರೆ ಮಾತ್ರ ಅಂಗಡಿ ತೆರೆಯಬಹುದು’ ಎಂಬ ಷರತ್ತಿನಿಂದ, ತೆರೆದಿರುವ ಅಂಗಡಿಗೆ ಪರವಾನಗಿ ಇದೆಯೆಂದು ಹೇಳಬಹುದೇ ಹೊರತು, ಪರವಾನಗಿ ಪಡೆದ ಅಂಗಡಿಯೆಲ್ಲ ತೆರೆದಿದೆಯೆಂದು ಹೇಳಲಾಗದು. ಒಗಟುಗಳಲ್ಲಿ ಪಳಗಿದವರಿಗೆ ಈ ವ್ಯತ್ಯಾಸ ಬೇಗ ಕಾಣುತ್ತದೆ. ಆದರೆ ಈಗಿನ ಪರೀಕ್ಷೆಯಲ್ಲಿ ಅಂಕ ಬರುವುದು ತಾರ್ಕಿಕ ವಾದಗಳ ಎರಡು ವಿಭಾಗ ಮತ್ತು ಓದಿ ಅರ್ಥೈಸುವ ಒಂದು ವಿಭಾಗದಿಂದ. ಅಲ್ಲಿ ಬೇಕಾದದ್ದು ಗೆರೆ ಎಳೆಯುವ ಕೈಚಳಕಕ್ಕಿಂತ ವಾದದ ಬಿರುಕನ್ನು ಗುರುತಿಸುವ ಓದು. ಗ್ರಂಥಾಲಯವನ್ನು ರಾತ್ರಿಯವರೆಗೆ ತೆರೆದಿಟ್ಟ ಮೇಲೆ ಓದುಗರು ಹೆಚ್ಚಾದರು, ಆದ್ದರಿಂದ ಸಮಯ ವಿಸ್ತರಿಸಿದ್ದೇ ಅದಕ್ಕೆ ಕಾರಣ ಎಂಬ ವಾದವನ್ನು ಕೊಟ್ಟು, ಅದು ಯಾವ ಊಹೆಯ ಮೇಲೆ ನಿಂತಿದೆ ಎಂದು ಕೇಳುತ್ತಾರೆ. ‘ಅದೇ ತಿಂಗಳು ಪಕ್ಕದಲ್ಲಿ ಹೊಸ ಕಾಲೇಜು ಆರಂಭವಾಗಿ ಓದುಗರನ್ನು ಕಳಿಸಲಿಲ್ಲ’ ಎಂಬ ಆಯ್ಕೆಯನ್ನು ತಲೆಕೆಳಗು ಮಾಡಿ ನೋಡಿದರೆ, ಅಂದರೆ ಕಾಲೇಜೇ ಓದುಗರನ್ನು ಕಳಿಸಿತೆಂದುಕೊಂಡರೆ, ವಾದ ಕುಸಿಯುತ್ತದೆ. ಆದ್ದರಿಂದ ಅದೇ ಸರಿಯುತ್ತರ. ಈ ವಿಧಾನವನ್ನು ಮಗಳು ಕೊನೆಗೆ ತಾನೇ ಕಲಿತಳು. ತರಗತಿಯಲ್ಲಿ ಇದರ ಪ್ರಸ್ತಾಪವೇ ಬರಲಿಲ್ಲ. ನವೆಂಬರ್ ಪರೀಕ್ಷೆಯನ್ನು ಜನವರಿಗೆ ಮುಂದೂಡುವುದು ಅನಿವಾರ್ಯವಾಯಿತು.

ಹಣ ಮರಳಿ ಕೇಳಿದಾಗ, ಪಾಠಕ್ರಮ ಸಂಸ್ಥೆಯ ವಿವೇಚನೆಗೆ ಬಿಟ್ಟದ್ದು ಎಂಬ ಷರತ್ತನ್ನು ತೋರಿಸಿದರು. ಅವರು ಬ್ಯಾಂಕ್ ಖಾತೆಯಿಂದ ನೇರವಾಗಿ ಹಣ ಕಳಿಸುವ ‘ಝೆಲ್’ ಸೇವೆಯ ಮೂಲಕ ಮಾತ್ರ ಪಾವತಿ ಒಪ್ಪುತ್ತೇವೆಂದಿದ್ದರ ಅರ್ಥ ಆಗ ಹೊಳೆಯಿತು: ಹಾಗೆ ಕಳಿಸಿದ ಹಣವನ್ನು ಬ್ಯಾಂಕಿನ ಮೂಲಕ ಹಿಂಪಡೆಯುವುದು ಬಹಳ ಕಷ್ಟ, ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಕನಿಷ್ಠ ಆಕ್ಷೇಪಣೆ ಸಲ್ಲಿಸುವ ಅವಕಾಶವಿರುತ್ತದೆ.

ಆದುದರಿಂದ ಯಾವುದೇ ಸಂಸ್ಥೆಗೆ ಸೇರುವ ಮೊದಲು ವಾರವಾರದ ಪಾಠಪಟ್ಟಿಯನ್ನು ಬರಹದಲ್ಲಿ ಪಡೆದುಕೊಳ್ಳಿ. ಅನುಕ್ರಮ ಜೋಡಣೆ, ಗುಂಪು ಹಂಚಿಕೆ ಎಂಬ ಶೀರ್ಷಿಕೆಗಳು ಕಂಡರೆ ಅದು ಹಳೆಯ ಪಾಠ. ಅಭ್ಯಾಸಕ್ಕೆ ಕೊಡುವ ಪ್ರಶ್ನೆಪತ್ರಿಕೆಗಳ ಕ್ರಮಸಂಖ್ಯೆಯನ್ನೂ ಕೇಳಿ: ಮಂಡಳಿಯ ಲಾಹಬ್ ತಾಣದಲ್ಲಿ ಹೊಸ ಮಾದರಿಗೆ ಹೊಂದಿಸಿದ ಪತ್ರಿಕೆಗಳ ಕ್ರಮಸಂಖ್ಯೆ 101ರಿಂದ ಶುರುವಾಗುತ್ತದೆ, ಎರಡಂಕಿಯವೆಲ್ಲ ಒಗಟುಗಳಿದ್ದ ಕಾಲದವು. ಆ ತಾಣದಲ್ಲಿ ಉಚಿತ ಖಾತೆ ತೆರೆದು ಪೂರ್ಣ ಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬರೆದು ನೋಡಿದರೆ, ಮಕ್ಕಳಿಗೆ ತರಬೇತಿ ನಿಜಕ್ಕೂ ಬೇಕೇ, ಬೇಕಿದ್ದರೆ ಯಾವ ವಿಭಾಗಕ್ಕೆ ಎಂಬುದು ಹಣ ಕೈಬಿಡುವ ಮೊದಲೇ ತಿಳಿಯುತ್ತದೆ.