ಡಿಮ್ಮರ್ ಕೇಳಿದರೆ ಫ್ಯಾನ್ ರೆಗ್ಯುಲೇಟರ್ ಕೈಗಿಟ್ಟರು

ವಿಜಯಪುರದ ಗಾಂಧಿ ಚೌಕದ ಆಸುಪಾಸಿನಲ್ಲಿ ಎಲ್‌ಇಡಿ ಬಲ್ಬು ಕೊಳ್ಳುವವರು ದಯವಿಟ್ಟು ಇದನ್ನು ಓದಿ. ನನ್ನ ಮರ್ಯಾದೆ ಹೋದರೂ ಚಿಂತೆಯಿಲ್ಲ.

ಅವ್ವನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ, ಪ್ರಖರ ಬೆಳಕು ತಡೆಯುವುದಿಲ್ಲ. ಪಡಸಾಲೆಯಲ್ಲಿ ಹಳದಿ ಬಲ್ಬುಗಳ ಕಾಲದ ಡಿಮ್ಮರ್ ಇದೆ, ಗುಂಡಿ ತಿರುಗಿಸಿ ಬೆಳಕನ್ನು ಹೆಚ್ಚು ಕಡಿಮೆ ಮಾಡುವಂಥದು. "ಡಿಮ್ಮರ್‌ಗೆ ನಡೆಯುವ ಎಲ್‌ಇಡಿಯೇ ಬೇಕು" ಎಂದು ಅಂಗಡಿಯಲ್ಲಿ ಎರಡು ಸಲ ಹೇಳಿದೆ. ಎರಡು ಸಲ! "ಎಲ್ಲ ಎಲ್‌ಇಡಿಯೂ ಒಂದೇ ಅಕ್ಕಾವರೇ, ಚಿಂತೆ ಬಿಡಿರಿ" ಎಂದು 9 ವಾಟಿನ ನಾಲ್ಕು ಬಲ್ಬು ಕಟ್ಟಿದರು, ಒಂದಕ್ಕೆ 280 ರೂಪಾಯಿ. ಕೌಂಟರಿನ ಬೋರ್ಡಿಗೆ ಒಂದೊಂದಾಗಿ ಸಿಕ್ಕಿಸಿ "ನೋಡಿರಿ, ಹತ್ತಿತು" ಎಂದರು. ನಾನು ಗೋಣು ಹಾಕಿದೆ. ಆ ಬೋರ್ಡಿನಲ್ಲಿ ಇದ್ದದ್ದು ಸಾದಾ ಸ್ವಿಚ್. ಡಿಮ್ಮರ್ ಇರಲೇ ಇಲ್ಲ! ಹಾಗೆ ಗೋಣು ಹಾಕಿದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಮನೆಯಲ್ಲಿ ಡಿಮ್ಮರ್ ತಿರುಗಿಸಿದ್ದೇ ತಡ, ನಾಲ್ಕೂ ಪಟಪಟನೆ ಮಿಣುಕತೊಡಗಿದವು, ಗುಂಯ್ ಎಂಬ ಸದ್ದು ಬೇರೆ. "ಸಿದ್ಧೇಶ್ವರ ಜಾತ್ರೆ ಮನೆಗೇ ಬಂತೇನು?" ಎಂದು ಅವ್ವ ಕಣ್ಣು ಮುಚ್ಚಿಕೊಂಡಳು.

ಮರುದಿನ ಅಂಗಡಿಗೆ ಹೋದರೆ ಮೊದಲು "ವೋಲ್ಟೇಜ್ ಸರಿಯಿಲ್ಲ" ಎಂದರು. ಆಮೇಲೆ "ನಿಮ್ಮ ಡಿಮ್ಮರ್ ಹಳೆಯದು, ಹೊಸದು ಹಾಕಿಸಿರಿ." 450 ರೂಪಾಯಿ ಕೊಟ್ಟು ಅದನ್ನೂ ತಂದೆನಲ್ಲ! ಗುಂಡಿ ಟಕ್ ಟಕ್ ಎಂದು ಐದು ಹೆಜ್ಜೆ ತಿರುಗಿದಾಗಲೇ ತಿಳಿಯಬೇಕಿತ್ತು. ಕೂರಿಸಲು ಬಂದ ಎಲೆಕ್ಟ್ರಿಷಿಯನ್ ಬಿದ್ದು ಬಿದ್ದು ನಕ್ಕರು. ಅದು ಫ್ಯಾನಿನ ರೆಗ್ಯುಲೇಟರ್. ಬಲ್ಬಿನ ಡಬ್ಬಿಯ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ನಾಟ್ ಡಿಮ್ಮೆಬಲ್', ಅಂದರೆ ಡಿಮ್ಮರ್‌ಗೆ ನಡೆಯುವುದಿಲ್ಲ ಎಂದು ಅಚ್ಚಾಗಿದ್ದನ್ನೂ ಅವರೇ ತೋರಿಸಿದರು. ನಮ್ಮ ಹಳೆಯ ಡಿಮ್ಮರ್‌ಗೆ ಕನಿಷ್ಠ 60 ವಾಟ್ ಲೋಡ್ ಬೇಕಂತೆ, ನನ್ನ ನಾಲ್ಕೂ ಬಲ್ಬು ಸೇರಿದರೆ 36. ಅಂದರೆ ಸರಿಯಾದ ಬಲ್ಬು ತಂದಿದ್ದರೂ ತಂಟೆ ತಪ್ಪುತ್ತಿರಲಿಲ್ಲ.

ಮೂರನೆಯ ಸಲ ಹೋದೆ. "ಬಳಸಿದ ಮಾಲು ವಾಪಸ್ ಇಲ್ಲ. ನೀವು ಮೊದಲೇ ಸರಿಯಾಗಿ ಹೇಳಬೇಕಿತ್ತು." ನಾನು ಹೇಳಬೇಕಿತ್ತು! ರೆಗ್ಯುಲೇಟರ್ ತೋರಿಸಿದರೆ "ಫ್ಯಾನಿಗಾದರೂ ಆಗುತ್ತದಲ್ಲ, ಇಟ್ಟುಕೊಳ್ಳಿರಿ" ಎಂದು ನಗುತ್ತಾರೆ. ನನ್ನ ಕೈಯಲ್ಲಿ ಇದ್ದದ್ದು ಲೆಕ್ಕ ಗೀಚಿದ ಚೀಟಿ. ಅದನ್ನು ಹಿಡಿದುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಏನೆಂದು ಹೇಳಲಿ?

ಪಕ್ಕಾ ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಡಬ್ಬಿಯ ಮೇಲೆ 'ಡಿಮ್ಮೆಬಲ್' ಎಂದಿದೆಯೇ, ಡಿಮ್ಮರ್ ಎಲ್‌ಇಡಿಗೆಂದೇ ಮಾಡಿದ್ದೇ, ಅದರ ಕನಿಷ್ಠ ವಾಟ್ ಎಷ್ಟು ಎಂದು ನೀವೇ ಓದಿ, ಅಂಗಡಿಯವರ ಬಾಯಿಯನ್ನು ನಂಬಬೇಡಿ. ಎರಡನ್ನೂ ಅಲ್ಲೇ ಜೋಡಿಸಿ, ಬೆಳಕನ್ನು ಪೂರ್ತಿ ಇಳಿಸಿ ತೋರಿಸಲು ಹೇಳಿ.

ಅವ್ವ ಈಗ ಪಡಸಾಲೆಯ ದೀಪ ಆರಿಸಿ, ಅಡುಗೆಮನೆಯ ಬಾಗಿಲನ್ನು ಅರ್ಧ ತೆರೆದಿಟ್ಟು, ಅಲ್ಲಿಂದ ಬೀಳುವ ಬೆಳಕಿನಲ್ಲಿ ಕುಳಿತಿರುತ್ತಾಳೆ.