ಪ್ರೊಸೀಜರ್ ಬರೆದರೆ ಬೀಳುವ ಸರ್ವರ್: ನಾನು ಹಿಡಿದ ನಾಲ್ಕು ದಾರಿಗಳು

ಮಾಹಿತಿ ಇಟ್ಟುಕೊಡುವ ತಂತ್ರಾಂಶವಾದ ಡೇಟಾಬೇಸ್ ಸರ್ವರ್ ಬೀಳುವುದೇಕೆ, ಅಂದರೆ ನಡುವೆಯೇ ನಿಂತುಹೋಗುವುದೇಕೆ ಎಂದು ಪತ್ತೆ ಹಚ್ಚಿ ಸರಿಪಡಿಸಲು ನಾನು ನಾಲ್ಕು ದಾರಿ ಹಿಡಿದೆ. ಅವುಗಳಲ್ಲಿ ಸರ್ವರ್ ತನ್ನ ದೋಷಗಳನ್ನು ಬರೆದಿಡುವ ಕಡತವಾದ ಎರರ್ ಲಾಗನ್ನು ಮೇಲಿನಿಂದ ಓದುವುದೇ ನನಗೆ ಒಗ್ಗಿದ ದಾರಿ. ಅದನ್ನು ಮೊದಲೇ ಮಾಡದೆ 2,400 ರೂಪಾಯಿ ಕೊಟ್ಟು ಬೇಡದ ರ‍್ಯಾಮ್ ಕೊಂಡ ಸಿಟ್ಟು ಇನ್ನೂ ಇಳಿದಿಲ್ಲ.

ಕಲಬುರಗಿಯ ಗಂಜ್‌ನಲ್ಲಿರುವ ಒಂದು ಅಡತ್ ಅಂಗಡಿಯ ಲೆಕ್ಕದ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ತೊಗರಿ ಹಂಗಾಮಿಗೆ ಮುಂಚೆ ಹೊಸ ಕಂಪ್ಯೂಟರ್ ಬಂದಾಗ, ಹಳೆಯ ಕ್ಸಾಂಪ್‌ನ (ಡೇಟಾಬೇಸ್ ಸರ್ವರನ್ನೂ ಒಳಗೊಂಡ ತಂತ್ರಾಂಶಗಳ ಕಟ್ಟು) ಡೇಟಾ ಫೋಲ್ಡರನ್ನು ಇದ್ದಂತೆಯೇ ಎತ್ತಿ ಹೊಸ ಕ್ಸಾಂಪ್‌ನಲ್ಲಿ ಇಟ್ಟೆ. ಹಳೆಯದರಲ್ಲಿ ಮರಿಯಾಡಿಬಿ ಎಂಬ ಡೇಟಾಬೇಸ್ ಸರ್ವರಿನ 10.1 ಆವೃತ್ತಿ ಇತ್ತು, ಹೊಸದರಲ್ಲಿ 10.4. ಹಿಂದಿನ ವರ್ಷದ ಪಟ್ಟಿಗಳೆಲ್ಲ (ಮಾರಾಟದ ಲೆಕ್ಕದ ಚೀಟಿಗಳು) ಸರಿಯಾಗಿ ತೆರೆದುಕೊಂಡವು. ಆದರೆ ಚೀಲ, ತೂಕ ಮತ್ತು ಹಮಾಲಿ ಕೂಡಿಸುವ ಹೊಸ ಪ್ರೊಸೀಜರ್ (ಸರ್ವರಿನಲ್ಲೇ ಹೆಸರಿಟ್ಟು ಉಳಿಸುವ ಆಜ್ಞೆಗಳ ಗುಂಪು) ರಚಿಸಲು ಹೋದೊಡನೆ ಸರ್ವರ್ ಬಿದ್ದುಹೋಗುತ್ತಿತ್ತು. ತೆರೆಯ ಮೇಲೆ ಕಾಣುತ್ತಿದ್ದುದು 2013 ಎಂಬ ದೋಷಸಂಖ್ಯೆ ಮತ್ತು ಸಂಪರ್ಕ ಕಡಿದಿದೆ ಎಂಬ ಒಂದೇ ಸಾಲು. ಅದನ್ನು ನಂಬಿ ಪ್ಯಾಕೆಟ್ ಮಿತಿಯನ್ನು (ಸರ್ವರಿಗೆ ಒಮ್ಮೆಗೆ ಕಳಿಸಬಹುದಾದ ಮಾಹಿತಿಯ ಗಾತ್ರ) 64 ಎಂಬಿಗೆ ಏರಿಸಿದ್ದರಿಂದ ಒಂದು ಸಂಜೆ ಹಾಳಾಯಿತು. ಸಾಹುಕಾರರು ಬಂದು “ಏನ್ರೀ, ಪಟ್ಟಿ ಯಾಕ ಬರವಲ್ದು?” ಎಂದು ಕೇಳಿ ಹೋದರು.

ಮರುದಿನ ರಿಪೇರಿಯವರನ್ನು ಕರೆಸಿದೆ. ಅವರು ಲಾಗಿನ ಕೊನೆಯ ಭಾಗವನ್ನಷ್ಟೇ ಓದಿದರು. ಯಂತ್ರದ ಭಾಗ ಕೆಟ್ಟಿದ್ದರೂ ಹೀಗಾಗಬಹುದು ಎಂಬ ಸಾಲು ಅಲ್ಲಿತ್ತು. ಅದರ ಕೆಳಗೆ ಸರ್ವರ್ ಎಷ್ಟು ಮೆಮೊರಿ ಬಳಸಬಹುದು ಎಂಬ ಲೆಕ್ಕವೂ ಇತ್ತು. ಹಾಗಾಗಿ ರ‍್ಯಾಮ್ ಸಾಲದು ಎಂದು ತೀರ್ಪಾಯಿತು. ಆ ಸಾಲುಗಳು ಸರ್ವರ್ ಯಾವ ಕಾರಣಕ್ಕೆ ಬಿದ್ದರೂ ಅಚ್ಚಾಗುವ ಸಿದ್ಧ ಒಕ್ಕಣೆ ಎಂಬುದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹೊಸ ರ‍್ಯಾಮ್ ಕೂರಿಸಿದ ಮೇಲೂ ಸರ್ವರ್ ಅದೇ ಆಜ್ಞೆಗೆ ಬಿತ್ತು. ಕೆಟ್ಟ ರ‍್ಯಾಮ್ ಆಗಿದ್ದರೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಕೈಕೊಡುತ್ತಿತ್ತೇ ಹೊರತು ಪ್ರತಿಸಲವೂ ಒಂದೇ ಆಜ್ಞೆಯನ್ನು ಆರಿಸಿಕೊಳ್ಳುತ್ತಿರಲಿಲ್ಲ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಪರೀಕ್ಷೆಗೆ ದುಡ್ಡು ಬೇಕಿಲ್ಲ. ಕೊಳ್ಳುವ ಮೊದಲು ಅದನ್ನಾದರೂ ಓಡಿಸಬೇಕಿತ್ತು.

ಎರರ್ ಲಾಗ್ ಡೇಟಾ ಫೋಲ್ಡರಿನಲ್ಲೇ ಇರುತ್ತದೆ, ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ತೊಡಕು ಏನೆಂದರೆ, ಕಣ್ಣು ನೇರವಾಗಿ ಕೊನೆಗೆ ಹೋಗುತ್ತದೆ. ಅಲ್ಲಿ ಯಾವ ಬಗೆಯ ದೋಷಕ್ಕೆ ಬಿತ್ತು ಎಂದು ಹೇಳುವ ಎಕ್ಸೆಪ್ಷನ್ ಸಂಖ್ಯೆ, ಒಂದರ ಕೆಳಗೊಂದು ಮೆಮೊರಿ ವಿಳಾಸಗಳು ಮತ್ತು ಬೀಳುವಾಗ ಓಡುತ್ತಿದ್ದ ಆಜ್ಞೆ ಇರುತ್ತವೆ. ನಮ್ಮ ಲಾಗಿನಲ್ಲಿ ಆ ಜಾಗದಲ್ಲಿ ನನ್ನದೇ ಪ್ರೊಸೀಜರ್ ಇದ್ದುದರಿಂದ, ತಪ್ಪು ಅದರಲ್ಲೇ ಇರಬೇಕೆಂದು ಅದನ್ನು ಹತ್ತು ಸಲ ತಿದ್ದಿದೆ. ಕೊನೆಗೆ ಒಳಗೆ ಏನೂ ಕೆಲಸವಿಲ್ಲದ, ಒಂದು ಸಂಖ್ಯೆಯನ್ನಷ್ಟೇ ತೋರಿಸುವ ಪ್ರೊಸೀಜರ್ ಬರೆದೆ. ಅದಕ್ಕೂ ಸರ್ವರ್ ಬಿತ್ತು. ಆಗಷ್ಟೇ ಕಡತವನ್ನು ಮೇಲಕ್ಕೆ ಸರಿಸುತ್ತ ಹೋದೆ.

ಸರ್ವರ್ ಶುರುವಾದ ಹೊತ್ತಿನ ಸಾಲುಗಳ ನಡುವೆ ಒಂದು ದೋಷಸಂದೇಶವಿತ್ತು. ಪ್ರೊಸೀಜರ್‌ಗಳನ್ನು ಇಡುವ ‘ಪ್ರಾಕ್’ ಎಂಬ ವ್ಯವಸ್ಥಾ ಟೇಬಲಿನ (ಸರ್ವರ್ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವ ಕೋಷ್ಟಕ) ರಚನೆ ಸರಿಯಿಲ್ಲ, 14ನೇ ಸ್ಥಾನದ ‘ಎಸ್‌ಕ್ಯೂಎಲ್_ಮೋಡ್’ ಕಾಲಮ್ ನಿರೀಕ್ಷಿಸಿದ ಬಗೆಯದಲ್ಲ ಎಂದು ಅದು ಹೇಳುತ್ತಿತ್ತು. ಹೀಗೆ ದೂರು ಬರೆದೂ ಸರ್ವರ್ ಏನೂ ಆಗದಂತೆ ಓಡುತ್ತಿತ್ತು. ಹೊಸ ಆವೃತ್ತಿಯಲ್ಲಿ ಆ ಕಾಲಮ್ಮಿಗೆ ಇನ್ನಷ್ಟು ಮೌಲ್ಯಗಳು ಸೇರಿವೆ, ನಾನು ತಂದ ಟೇಬಲ್ ಮಾತ್ರ ಹಳೆಯದು. ಸರ್ವರ್ ನಿಲ್ಲಿಸಿ ಡೇಟಾ ಫೋಲ್ಡರಿನ ನಕಲು ತೆಗೆದಿಟ್ಟು, ಮತ್ತೆ ಶುರುಮಾಡಿ, ವ್ಯವಸ್ಥಾ ಟೇಬಲುಗಳನ್ನು ಹೊಸ ಆವೃತ್ತಿಗೆ ಹೊಂದಿಸುವ ‘ಮೈಎಸ್‌ಕ್ಯೂಎಲ್_ಅಪ್‌ಗ್ರೇಡ್’ ಓಡಿಸಿ, ಇನ್ನೊಮ್ಮೆ ನಿಲ್ಲಿಸಿ ಹಚ್ಚಿದೆ. ಪ್ರೊಸೀಜರ್ ಮೊದಲ ಸಲಕ್ಕೇ ಕೂತಿತು.

ಇದಕ್ಕೂ ಮೊದಲು, ಬೀಳುವ ಕ್ಷಣದ ಸ್ಥಿತಿಯನ್ನು ಸರ್ವರ್ ಬರೆದಿಡುವ ಮಿನಿಡಂಪ್ ಕಡತವನ್ನು ವಿನ್‌ಡಿಬಿಜಿ ಎಂಬ ದೋಷ ಹುಡುಕುವ ಉಪಕರಣದಲ್ಲಿ ತೆರೆದೂ ನೋಡಿದ್ದೆ. ಉಪಕರಣ ಉಚಿತ, ಆದರೆ ವಿಳಾಸಗಳನ್ನು ಹೆಸರುಗಳಾಗಿ ಬಿಡಿಸುವ, ಅದೇ ಆವೃತ್ತಿಯ ಸಿಂಬಲ್ ಕಡತಗಳಿಲ್ಲದಿದ್ದರೆ ಸಿಗುವುದು ಬರೀ ವಿಳಾಸಗಳು. ಆ ಸಿಂಬಲ್ ಕಡತಗಳನ್ನು ಮೊಬೈಲ್ ಇಂಟರ್ನೆಟ್ಟಿನಲ್ಲಿ ಇಳಿಸಿಕೊಳ್ಳುತ್ತಿದ್ದಾಗ ಕರೆಂಟ್ ಹೋಗಿ, ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ತಯಾರಕರಿಗೆ ದೋಷ ವರದಿ ಕಳಿಸುವವರಿಗೆ ಈ ದಾರಿ ಬೇಕೇ ಬೇಕು, ನನಗಲ್ಲ.

ಅಂಗಡಿಯ ಡೇಟಾಬೇಸನ್ನಷ್ಟೇ ಡಂಪ್ ಮಾಡಿ (ಪಠ್ಯ ಕಡತವಾಗಿ ಬರೆದುಕೊಂಡು) ಹೊಸ ಸರ್ವರಿಗೆ ತುಂಬುವುದು ಎಲ್ಲಕ್ಕಿಂತ ಶುಚಿಯಾದ ಕೆಲಸ, ಏಕೆಂದರೆ ಹಳೆಯ ವ್ಯವಸ್ಥಾ ಟೇಬಲುಗಳು ಜೊತೆಗೆ ಬರುವುದಿಲ್ಲ. ಆದರೆ ಡಂಪ್ ಆಜ್ಞೆಗೆ ‘ರೂಟೀನ್ಸ್’ ಎಂದು ಬೇರೆಯಾಗಿ ಹೇಳದಿದ್ದರೆ ಪ್ರೊಸೀಜರ್‌ಗಳು ಹಿಂದೆಯೇ ಉಳಿಯುತ್ತವೆ. ನಾನು ಈ ದಾರಿ ಹಿಡಿದಾಗ ಹಾಗೆ ಹೇಳುವುದನ್ನು ಮರೆತಿದ್ದೆ. ನಾನು ಪ್ರತಿ ಪ್ರೊಸೀಜರನ್ನೂ ಬೇರೆ ಕಡತದಲ್ಲಿ ಬರೆದಿಟ್ಟುಕೊಳ್ಳುವವನಾದ್ದರಿಂದ ಪಾರಾದೆ. ಒಂದಿಡೀ ಭಾನುವಾರ ಕೈಯಲ್ಲಿದ್ದರೆ ಮುಂದಿನ ಸಲ ಹೀಗೆಯೇ ಸಾಗಿಸುತ್ತೇನೆ. ಗಂಜ್‌ನಲ್ಲಿ ತೂಕ ನಡೆದಿರುವಾಗ ಅರ್ಧ ಗಂಟೆಯಲ್ಲಿ ಸರ್ವರನ್ನು ಎಬ್ಬಿಸಿ ನಿಲ್ಲಿಸಬೇಕಾದರೆ ಮಾತ್ರ ಲಾಗ್, ಅದೂ ಮೊದಲ ಸಾಲಿನಿಂದ.

ಆ ರ‍್ಯಾಮ್ ಅಂಗಡಿಯ ಕಂಪ್ಯೂಟರಿನಲ್ಲೇ ಇದೆ. ಅದರ ಬಿಲ್ಲನ್ನು ಸಾಹುಕಾರರ ಮುಂದೆ ಇಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ.