ತೆಂಗಿನಕಾಯಿ ಗುರಿಗೆ ತಾಲೀಮು: ಸ್ಪ್ರಿಂಗ್ ಏರ್‌ಗನ್ನೋ, ಪಿಸಿಪಿಯೋ, ಖಾಲಿ ಕೋವಿಯೋ?

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಸೆಪ್ಟೆಂಬರ್ 3ಕ್ಕೆ, ಆಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅದರ ಹಿಂದಿನ ಮೂರು ತಿಂಗಳು ಕೊಡಗಿನಲ್ಲಿ ಮಳೆಯೋ ಮಳೆ. ತೆಂಗಿನಕಾಯಿಗೆ ಗುಂಡು ಹೊಡೆಯುವವರ ತಾಲೀಮು ಜಗಲಿಯಲ್ಲೋ ಶೆಡ್ಡಿನಲ್ಲೋ 10 ಮೀಟರಿನೊಳಗೇ ಆಗಬೇಕು. 12 ಬೋರಿನ ಕೋವಿಯಲ್ಲಿ ತೋಟಾ ಸುಟ್ಟು ಕಲಿಯುವುದು ದುಬಾರಿ. ಮೇಲಾಗಿ ಭುಜದ ಏಟಿಗೆ ಹೆದರಿ ಕಣ್ಣು ಮುಚ್ಚುವ ಚಾಳಿ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಹಾಗಾಗಿ ಮೂರು ಬದಲಿ ದಾರಿಗಳನ್ನು ಒಂದೇ ಗುರಿಹಲಗೆಯ ಮುಂದೆ ಹೋಲಿಸಿ ನೋಡಿದೆವು. 12 ಸೆಂ.ಮೀ. ಅಗಲದ ಕಾಯಿ 30 ಮೀಟರಿನಲ್ಲಿ ಕಾಣುವಷ್ಟೇ ಗಾತ್ರಕ್ಕೆ 10 ಮೀಟರಿನಲ್ಲಿ 4 ಸೆಂ.ಮೀ. ವೃತ್ತ ಸಾಕು.

ಮೊದಲು ಪಿಸಿಪಿ, ಅಂದರೆ ಒತ್ತಡದ ಗಾಳಿಯನ್ನು ಮೊದಲೇ ತುಂಬಿಟ್ಟುಕೊಳ್ಳುವ ಏರ್‌ಗನ್. ಸಿಲಿಂಡರಿಗೆ ಸುಮಾರು 200 ಬಾರ್ ಗಾಳಿ ತುಂಬಿದರೆ ಹಿನ್ನೊದೆತ ಇಲ್ಲವೇ ಇಲ್ಲ ಅನ್ನಬಹುದು, ಹೊಡೆದದ್ದೆಲ್ಲ ಒಂದೇ ತೂತಿಗೆ ಬೀಳುತ್ತದೆ. ತೊಂದರೆಯೂ ಅದೇ: ಈಡು ಹೋದ ಕ್ಷಣವೇ ತಲೆ ಎತ್ತುವವನ ತಪ್ಪನ್ನೂ ಅದು ಮುಚ್ಚಿಹಾಕುತ್ತದೆ. ಮಳೆಗಾಲದಲ್ಲಿ ಕೈಪಂಪಿನಿಂದ ತೇವ ಒಳಗೆ ಸೇರುವ ತಲೆನೋವು ಬೇರೆ. ಪದಕದ ಗುರಿ ಇರುವವರಿಗೆ ಸರಿ, ಕೋವಿಯವರಿಗೆ ಅಲ್ಲ.

ನಳಿಗೆ ಮಡಿಸಿ ಬಿಗಿಯುವ ಸ್ಪ್ರಿಂಗ್ ಏರ್‌ಗನ್ ಬಹಳ ಹಟಮಾರಿ. ಟ್ರಿಗರ್ ಎಳೆದೊಡನೆ ಪಿಸ್ಟನ್ ಮುಂದಕ್ಕೆ ಹಾರುತ್ತದೆ, ಬಂದೂಕು ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಗಾಳಿಯ ದಿಂಬಿಗೆ ಬಡಿದು ನಿಂತಾಗ ಬಂದೂಕು ಮತ್ತೆ ಮುಂದಕ್ಕೆ ಜಗ್ಗುತ್ತದೆ. ಇಷ್ಟೆಲ್ಲ ಶುರುವಾಗುವಾಗ ಪೆಲೆಟ್ (ಏರ್‌ಗನ್ನಿನ ಪುಟ್ಟ ಗುಂಡು) ಇನ್ನೂ ನಳಿಗೆಯಲ್ಲೇ ಇರುತ್ತದೆ. ಹಿಡಿತ ಒಂದೊಂದು ಸಲ ಒಂದೊಂದು ಬಿಗಿಯಾದರೆ ಪೆಲೆಟ್ಟೂ ಒಂದೊಂದು ಕಡೆ. ಎಡ ಅಂಗೈ ತೆರೆದು, ಬಂದೂಕಿನ ಮುಂಭಾಗದ ಮರದ ಹಿಡಿಯನ್ನು ಅದರ ಮೇಲೆ ಬರೀ ಕೂರಿಸಿ, ಹೊಡೆದ ಮೇಲೂ ಎರಡೆಣಿಸುವಷ್ಟು ಹೊತ್ತು ಮುಂದಿನ ಸೈಟಿನಿಂದ (ಗುರಿ ಹಿಡಿಯಲು ನಳಿಗೆಯ ಮೇಲಿರುವ ಗುರುತು) ಕಣ್ಣು ಕೀಳದಿದ್ದರೆ ತೂತುಗಳೆಲ್ಲ ಒತ್ತೊತ್ತಾಗಿ ಬೀಳುತ್ತವೆ. ಕೋವಿಗೆ ಬೇಕಾದ ತಾಳ್ಮೆಯೂ ಇದೇ.

ಇನ್ನೊಂದು ಉಪಾಯ. ಸಾಮಾನ್ಯ 12 ಬೋರ್ ಕೋವಿಗೆ ಇರುವುದು ತುದಿಯ ಮಣಿ ಮಾತ್ರ, ಹಿಂದಿನ ಸೈಟು ನಿಮ್ಮ ಕಣ್ಣೇ. ಅದಕ್ಕೇ ಏರ್‌ಗನ್ನಿನ ಹಿಂದಿನ ಸೈಟ್ ಬಿಚ್ಚಿಡಿ. ಕಣ್ಣಿಂದ ಮುಂದಿನ ಸೈಟಿಗೆ 85 ಸೆಂ.ಮೀ. ಅಂತಿಟ್ಟುಕೊಂಡರೆ, ಕೆನ್ನೆ 2 ಮಿ.ಮೀ. ಏರಿದರೂ ಪೆಲೆಟ್ 10 ಮೀಟರಿನಲ್ಲಿ ಸುಮಾರು 2 ಸೆಂ.ಮೀ. ಮೇಲೆ ಹೋಗುತ್ತದೆ. ಇದೇ ತಪ್ಪು 30 ಮೀಟರಿನಲ್ಲಿ 7 ಸೆಂ.ಮೀ. ಆಗುತ್ತದೆ, ಅಂದರೆ ಕಾಯಿಯ ನೆತ್ತಿ ಸವರದೆಯೇ ಗುಂಡು ಹಾದುಹೋಗುತ್ತದೆ. ಕೆನ್ನೆ ಮರಕ್ಕೆ ಎಲ್ಲಿ ಒತ್ತಬೇಕೆಂದು ಹಾಳೆಯ ಮೇಲಿನ ತೂತುಗಳೇ ಹೇಳುತ್ತವೆ.

ದಿನಕ್ಕೆ 40 ಈಡು ಸಾಕು. ಬಿಗಿದು ಬಿಗಿದು ತೋಳು ಸೋತ ಮೇಲೆ ಹೊಡೆದರೆ ಕೆಟ್ಟ ಅಭ್ಯಾಸವೇ ಗಟ್ಟಿಯಾಗುತ್ತದೆ. ಪೆಲೆಟ್ ಇಲ್ಲದೆ ಮಾತ್ರ ಹೊಡೆಯಲೇಬೇಡಿ: ತಡೆಯಲು ಗಾಳಿಯ ದಿಂಬಿಲ್ಲದೆ ಪಿಸ್ಟನ್ ಗೋಡೆಗೆ ಅಪ್ಪಳಿಸಿ ಸೀಲ್ ಹರಿಯುತ್ತದೆ, ಸ್ಪ್ರಿಂಗೂ ಮುರಿದೀತು. ಮಳೆಗಾಲದ ತುಕ್ಕಿಗೆ ಹೆದರಿ ಗಾಳಿಯ ತೂತಿಗೆ ಎಣ್ಣೆ ಬಿಟ್ಟರೆ ಅದು ಒಳಗೇ ಹೊತ್ತಿಕೊಂಡು ಹೊಗೆ, ಪಟಾಕಿಯಂಥ ಸದ್ದು. ಪೆಲೆಟ್ಟಿನ ವೇಗವೂ ಏರುಪೇರು. ಎಣ್ಣೆ ಬಟ್ಟೆ ಹೊರಮೈಗೆ ಮಾತ್ರ. ಗುರಿಯ ಹಿಂದೆ ಹಳೇ ಬಟ್ಟೆ ಬಿಗಿಯಾಗಿ ತುರುಕಿದ ಪೆಟ್ಟಿಗೆ ಇಡಿ. ಗಟ್ಟಿ ಮರದ ಹಲಗೆಯಾದರೆ ಪೆಲೆಟ್ ತಿರುಗಿ ಬರುತ್ತದೆ, ಕನ್ನಡಕವಂತೂ ಇರಲೇಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 0.177 ಇಂಚು ಬೋರಿನ, 20 ಜೂಲ್ ಶಕ್ತಿ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ, 0.22ಕ್ಕೆ ಬೇಕು.

ಆದರೆ ಸ್ಪ್ರಿಂಗ್ ಏರ್‌ಗನ್ ಒಂದು ತಪ್ಪನ್ನೂ ಕಲಿಸುತ್ತದೆ: ಸಡಿಲ ಹಿಡಿತ. 12 ಬೋರನ್ನು ಹಾಗೆ ಹಿಡಿದರೆ ಭುಜ ನೀಲಿಗಟ್ಟುತ್ತದೆ, ಕೆನ್ನೆಗೂ ಏಟು. ಇಲ್ಲಿ ಖಾಲಿ ಕೋವಿಯ ತಾಲೀಮು ಗೆಲ್ಲುತ್ತದೆ. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ನಳಿಗೆ ಮಡಿಸಿ ಖಾಲಿಯೇ ಎಂದು ನೋಡಿ, ಸ್ನ್ಯಾಪ್ ಕ್ಯಾಪ್ ಎಂಬ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ (ಬರಿದೇ ಎಳೆದರೆ ಫೈರಿಂಗ್ ಪಿನ್ ಮುರಿದೀತು), ಕೋವಿಯನ್ನು ಭುಜದ ಗುಳಿಗೆ ಬಿಗಿಯಾಗಿ ಎಳೆದು ದಿನಕ್ಕೆ ಇಪ್ಪತ್ತು ಸಲ. ಗುಂಡು ಎಲ್ಲಿ ಬಿತ್ತೆಂದು ಇದು ಹೇಳುವುದಿಲ್ಲ. ಆದ್ದರಿಂದ ಇದೊಂದನ್ನೇ ನೆಚ್ಚಬೇಡಿ.

ನಮ್ಮ ಆಯ್ಕೆ: ಆಗಸ್ಟ್ ಮೂರನೇ ವಾರದವರೆಗೆ ಸ್ಪ್ರಿಂಗ್ ಏರ್‌ಗನ್, ಕೊನೆಯ ಹತ್ತು ದಿನ ಅದನ್ನು ಮೂಲೆಗಿಟ್ಟು ಖಾಲಿ ಕೋವಿ ಮಾತ್ರ. ಹಬ್ಬದ ದಿನ ಪೂಜೆಗೆಂದು ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂವಿನ (ಕೋವಿ ಹೂವಿನ) ತೊಟ್ಟು ಒಳಗೆ ಉಳಿದಿದೆಯೇ ಎಂದು ನಳಿಗೆ ಮಡಿಸಿ ಬೆಳಕಿಗೆ ಹಿಡಿದು ನೋಡಿ. ಆಮೇಲೆ ತೋಟಾ.